ಬಲ್ಬಿಗಿಂತ ಮೊದಲು ಬಂದ ಸುದ್ದಿ: ಥಾಮಸ್ ಎಡಿಸನ್ ನಿಜಕ್ಕೂ ಕಂಡುಹಿಡಿದದ್ದೇನು?

ಈ ಕಥೆ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ಪುಟ್ಟ ಥಾಮಸ್ ಶಾಲೆಯಿಂದ ಒಂದು ಪತ್ರ ಹಿಡಿದುಕೊಂಡು ಮನೆಗೆ ಬರುತ್ತಾನೆ. ತಾಯಿ ಕಣ್ಣೀರು ಒರೆಸಿಕೊಳ್ಳುತ್ತಾ, ಮಗ ಮಹಾ ಬುದ್ಧಿವಂತನೆಂದೂ ಅವನಿಗೆ ಕಲಿಸುವಷ್ಟು ಯೋಗ್ಯತೆ ಶಾಲೆಗೆ ಇಲ್ಲವೆಂದೂ ಓದಿ ಹೇಳುತ್ತಾಳೆ. ಎಷ್ಟೋ ವರ್ಷಗಳ ನಂತರ, ತಾಯಿ ತೀರಿಕೊಂಡ ಮೇಲೆ, ಅದೇ ಪತ್ರ ಮಗನ ಕೈಗೆ ಸಿಗುತ್ತದೆ. ಅದರಲ್ಲಿ ಇದ್ದದ್ದು ಹುಡುಗ ದಡ್ಡ, ಇನ್ನು ಶಾಲೆಗೆ ಕಳುಹಿಸಬೇಡಿ ಎಂಬ ಮಾತು.

ಕಥೆ ಮನ ಮುಟ್ಟುತ್ತದೆ, ಆದರೆ ಅಂಥ ಪತ್ರ ಇತ್ತು ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಎಡಿಸನ್ ಅವರೇ ಹೇಳಿಕೊಂಡಿದ್ದು ಬೇರೆ. ಮೇಷ್ಟ್ರು ತನ್ನನ್ನು ತಲೆ ಕೆಟ್ಟವನು ಎಂದಿದ್ದು ಹುಡುಗನ ಕಿವಿಗೇ ಬಿತ್ತು. ಅವನು ಮನೆಗೆ ಬಂದು ಹೇಳಿದ. ತಾಯಿ ನ್ಯಾನ್ಸಿ ಶಾಲೆಗೆ ಹೋಗಿ ಜಗಳವಾಡಿ ಮಗನನ್ನು ಬಿಡಿಸಿಕೊಂಡು ಬಂದರು. ಅವರು ಹಿಂದೆ ಶಿಕ್ಷಕಿಯಾಗಿದ್ದವರು, ಮನೆಯಲ್ಲೇ ಕಲಿಸಿದರು. ಮುಚ್ಚಿಟ್ಟ ಪತ್ರವೂ ಇಲ್ಲ, ಗುಟ್ಟೂ ಇಲ್ಲ.

ಎಡಿಸನ್ ಸುತ್ತ ಇಂಥ ಕಥೆಗಳು ಬೇಕಾದಷ್ಟಿವೆ. ಬಲ್ಬನ್ನು ಒಬ್ಬರೇ ಕಂಡುಹಿಡಿದರು, ಅದಕ್ಕೆ ಮುಂಚೆ ಸಾವಿರ ಸಲ ಸೋತರು, ಜಿದ್ದಿಗೆ ಆನೆಯನ್ನು ಕೊಂದರು, ದಿನಕ್ಕೆ ನಾಲ್ಕೇ ಗಂಟೆ ಮಲಗುತ್ತಿದ್ದರು. ಒಂದು ಕಡೆ ದೇವರು, ಇನ್ನೊಂದು ಕಡೆ ಕಳ್ಳ. ಇವೆರಡರ ನಡುವೆ ನಿಜವಾದ ಎಡಿಸನ್ ಕಳೆದುಹೋಗಿದ್ದಾರೆ. ಅವರನ್ನು ಹುಡುಕಿದರೆ ನಮಗೆ ಸಿಗುವುದು ಇಂದಿನ ಸ್ಟಾರ್ಟಪ್ ಲೋಕಕ್ಕೆ ಬಹಳ ಹತ್ತಿರದ ಮನುಷ್ಯ. ಹೊಸ ಯೋಚನೆ, ತಂತ್ರಜ್ಞಾನ, ಬಂಡವಾಳ, ಪತ್ರಿಕೆ, ಈ ನಾಲ್ಕನ್ನೂ ಒಂದೇ ಗಾಡಿಗೆ ಕಟ್ಟಿ ಓಡಿಸಿದವರು. ಬನ್ನಿ, ಮೊದಲಿನಿಂದ ನೋಡೋಣ.

ರೈಲಿನಲ್ಲಿ ಪತ್ರಿಕೆ ಮಾರುವ ಹುಡುಗ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ಏಳು ವರ್ಷವಾಗಿದ್ದಾಗ ಮನೆಯವರು ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್‌ಗೆ ಬಂದು ನೆಲೆಸಿದರು. 12ನೇ ವಯಸ್ಸಿಗೆ ಹುಡುಗ ಪೋರ್ಟ್ ಹ್ಯೂರನ್ ಮತ್ತು ಡೆಟ್ರಾಯಿಟ್ ನಡುವಿನ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರತೊಡಗಿದ. ಸಾಮಾನು ಡಬ್ಬಿಯ ಒಂದು ಮೂಲೆಯಲ್ಲಿ ಅವನದೇ ರಸಾಯನ ಪ್ರಯೋಗಾಲಯ. ಇನ್ನೊಂದು ಕಡೆ ಚಿಕ್ಕ ಮುದ್ರಣ ಯಂತ್ರ. ಅದರಲ್ಲಿ ವೀಕ್ಲಿ ಹೆರಾಲ್ಡ್ ಎಂಬ ಸ್ವಂತ ಪತ್ರಿಕೆಯನ್ನು ಅಚ್ಚು ಹಾಕಿ ಮಾರುತ್ತಿದ್ದ.

1862ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧದ ಶೈಲೋ ಕದನ ನಡೆಯಿತು. ಡೆಟ್ರಾಯಿಟ್‌ನಲ್ಲಿ ಸುದ್ದಿ ಕೇಳಿದ ಹುಡುಗ ಒಂದು ಉಪಾಯ ಮಾಡಿದ. ಮುಂದಿನ ನಿಲ್ದಾಣಗಳ ಫಲಕದ ಮೇಲೆ ಕದನದ ಸುದ್ದಿಯ ಸಾರಾಂಶ ಬರೆಯುವಂತೆ ಟೆಲಿಗ್ರಾಫ್ ಮೂಲಕ ಹೇಳಿಸಿದ. ಪತ್ರಿಕಾ ಕಚೇರಿಗೆ ಹೋಗಿ ಎಂದಿಗಿಂತ ಎಷ್ಟೋ ಪಟ್ಟು ಹೆಚ್ಚು, ಅಂದರೆ ಸಾವಿರ ಪ್ರತಿಗಳನ್ನು ಸಾಲವಾಗಿ ತಂದ. ಪ್ರತಿ ನಿಲ್ದಾಣದಲ್ಲೂ ಜನ ಮುಗಿಬಿದ್ದರು. ಜನ ಹೆಚ್ಚಿದಂತೆ ಅವನು ಬೆಲೆಯನ್ನೂ ಏರಿಸುತ್ತಾ ಹೋದ.

ಪತ್ರಿಕೆ ಕೈಗೆ ಬರುವ ಮೊದಲೇ ಸುದ್ದಿಯ ಹಸಿವು ಹುಟ್ಟಿಸಬೇಕು ಎಂಬುದನ್ನು 15ರ ಹುಡುಗ ಅಂದು ಕಲಿತ. ಈ ಪಾಠವನ್ನು ಅವರು ಬದುಕಿನುದ್ದಕ್ಕೂ ಮರೆಯಲಿಲ್ಲ.

ಕಿವಿ ಮಂದವಾದದ್ದೂ ಬಾಲ್ಯದಲ್ಲೇ. ಪ್ರಯೋಗದಿಂದ ಡಬ್ಬಿಗೆ ಬೆಂಕಿ ಹತ್ತಿದಾಗ ರೈಲಿನ ಕಂಡಕ್ಟರ್ ಕಪಾಳಕ್ಕೆ ಹೊಡೆದದ್ದೇ ಕಾರಣ ಎನ್ನುವುದು ಜನಪ್ರಿಯ ಕಥೆ. ಎಡಿಸನ್ ಮುಂದೆ ಹೇಳಿದ್ದೇ ಬೇರೆ: ಹೊರಟ ರೈಲಿಗೆ ತನ್ನನ್ನು ಕಿವಿ ಹಿಡಿದು ಎತ್ತಿಕೊಂಡಾಗ ಹೀಗಾಯಿತಂತೆ. ಬಾಲ್ಯದ ಜ್ವರ ಮತ್ತು ಕಿವಿಯ ಸೋಂಕು ಹೆಚ್ಚು ಸಂಭವನೀಯ ಕಾರಣ.

ಯಾರಿಗೂ ಬೇಡವಾದ ಮೊದಲ ಯಂತ್ರ

ಅದೇ 1862ರಲ್ಲಿ ಹಳಿಯ ಮೇಲಿದ್ದ ಸ್ಟೇಷನ್ ಮಾಸ್ಟರ್ ಮಗುವನ್ನು ಎಡಿಸನ್ ರೈಲಿನ ಚಕ್ರದಿಂದ ಉಳಿಸಿದ. ಕೃತಜ್ಞತೆಗೆ ಆ ತಂದೆ ಅವನಿಗೆ ಟೆಲಿಗ್ರಾಫ್ ಕಲಿಸಿದರು. ಕೆಲವು ವರ್ಷ ಊರೂರು ಅಲೆದು ಟೆಲಿಗ್ರಾಫ್ ಕೆಲಸ ಮಾಡಿದ ಎಡಿಸನ್ 1868ರಲ್ಲಿ ಬಾಸ್ಟನ್ ಸೇರಿದರು. 1869ರ ಜೂನ್ 1ರಂದು ಮೊದಲ ಪೇಟೆಂಟ್ ಸಿಕ್ಕಿತು. ಅದು ಶಾಸನಸಭೆಯಲ್ಲಿ ಮತಗಳನ್ನು ಕ್ಷಣದಲ್ಲಿ ಎಣಿಸುವ ವಿದ್ಯುತ್ ಯಂತ್ರ.

ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಕೊಳ್ಳುವವರೇ ಇರಲಿಲ್ಲ. ನಿಧಾನವಾಗಿ ಹೆಸರು ಕೂಗಿ ಮತ ಹಾಕುವ ಆ ಹೊತ್ತಿನಲ್ಲೇ ರಾಜಕಾರಣಿಗಳು ಚೌಕಾಸಿ ಮಾಡುತ್ತಿದ್ದರು, ಮನವೊಲಿಸುತ್ತಿದ್ದರು. ಅವರಿಗೆ ವೇಗ ಬೇಕಾಗಿರಲಿಲ್ಲ. ಯಾರಿಗೂ ಬೇಡದ ವಸ್ತುವನ್ನು ಎಷ್ಟು ಚೆಂದ ಮಾಡಿದರೂ ವ್ಯರ್ಥ ಎಂಬ ಪಾಠ ಮೊದಲ ಪೇಟೆಂಟಿನಲ್ಲೇ ಸಿಕ್ಕಿತು. ಮುಂದೆ ಷೇರು ಬೆಲೆ ಅಚ್ಚು ಹಾಕುವ ಯಂತ್ರ, ಒಂದೇ ತಂತಿಯಲ್ಲಿ ನಾಲ್ಕು ಸಂದೇಶ ಕಳುಹಿಸುವ ಟೆಲಿಗ್ರಾಫ್, ಹೀಗೆ ಹಣ ಕೊಡುವವರು ಮೊದಲೇ ಇದ್ದ ಕೆಲಸಗಳನ್ನು ಹಿಡಿದರು.

ಆವಿಷ್ಕಾರದ ಕಾರ್ಖಾನೆ

ಗಳಿಸಿದ ಹಣದಲ್ಲಿ ಅವರು 1876ರಲ್ಲಿ ನ್ಯೂ ಜರ್ಸಿಯ ಮೆನ್ಲೋ ಪಾರ್ಕ್ ಎಂಬ ಹಳ್ಳಿಯಲ್ಲಿ ಪ್ರಯೋಗಾಲಯ ಕಟ್ಟಿದರು. ಎಡಿಸನ್ ಅವರ ಅತಿ ದೊಡ್ಡ ಆವಿಷ್ಕಾರ ಇದೇ ಎಂದು ನಮಗನ್ನಿಸುತ್ತದೆ. ಅದುವರೆಗೆ ಆವಿಷ್ಕಾರಕ ಎಂದರೆ ಕೋಣೆಯಲ್ಲಿ ಒಂಟಿಯಾಗಿ ಕೂತವನು. ಇಲ್ಲಿ ಕೆಲಸವೆಂದರೆ ಕಂಡುಹಿಡಿಯುವುದೇ, ಅದಕ್ಕೆ ಸಂಬಳ.

ಅಲ್ಲಿದ್ದವರ ಹೆಸರುಗಳನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಬ್ಯಾಚಲರ್ ಪ್ರಯೋಗಗಳಲ್ಲಿ ಎಡಿಸನ್ ಅವರ ಬಲಗೈ. ಸ್ವಿಟ್ಜರ್‌ಲೆಂಡಿನ ಜಾನ್ ಕ್ರೂಸಿ ಗೀಚಿದ ಚಿತ್ರವನ್ನು ಯಂತ್ರವಾಗಿಸುವ ಕುಶಲಕರ್ಮಿ. ಫ್ರಾನ್ಸಿಸ್ ಅಪ್ಟನ್ ಗಣಿತ ಬಲ್ಲವರು. ಲುಡ್ವಿಗ್ ಬೋಮ್ ಗಾಜು ಊದುವವರು. 1877ರ ಕೊನೆಗೆ ಕ್ರೂಸಿ ಕಟ್ಟಿಕೊಟ್ಟ ಯಂತ್ರಕ್ಕೆ ತಗಡಿನ ಹಾಳೆ ಸುತ್ತಿ ಎಡಿಸನ್ ಒಂದು ಮಕ್ಕಳ ಪದ್ಯ ಹೇಳಿದರು. ಯಂತ್ರ ಅದನ್ನು ತಿರುಗಿ ಹೇಳಿತು. ಅದೇ ಫೋನೋಗ್ರಾಫ್.

ಡಿಸೆಂಬರ್‌ನಲ್ಲಿ ಆ ಯಂತ್ರವನ್ನು ಅವರು ನೇರವಾಗಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಕಚೇರಿಗೆ ಒಯ್ದು ಮೇಜಿನ ಮೇಲಿಟ್ಟರು. ಮರುವರ್ಷ ಅಧ್ಯಕ್ಷ ಹೇಯ್ಸ್ ಅವರಿಗೆ ಶ್ವೇತಭವನದಲ್ಲಿ ತೋರಿಸಿದರು. ಪತ್ರಕರ್ತರು ಮೆನ್ಲೋ ಪಾರ್ಕಿಗೆ ಸಾಲುಗಟ್ಟಿದರು, ಮಾಂತ್ರಿಕ ಎಂಬ ಬಿರುದು ಕೊಟ್ಟರು.

ಇಲ್ಲಿ ಒಂದು ತಮಾಷೆ ನಡೆಯಿತು. 1878ರ ಏಪ್ರಿಲ್ 1ರಂದು ನ್ಯೂಯಾರ್ಕಿನ ಗ್ರಾಫಿಕ್ ಪತ್ರಿಕೆ, ಗಾಳಿ, ನೀರು ಮತ್ತು ಮಣ್ಣಿನಿಂದ ಊಟ ತಯಾರಿಸುವ ಯಂತ್ರವನ್ನು ಎಡಿಸನ್ ಮಾಡಿದ್ದಾರೆ ಎಂದು ಬರೆಯಿತು. ಅದು ಏಪ್ರಿಲ್ ಫೂಲ್. ಆದರೂ ಬೇರೆ ಪತ್ರಿಕೆ ಅದನ್ನು ನಿಜವೆಂದೇ ನಂಬಿ ಹೊಗಳಿತು. ಎಡಿಸನ್ ಹೆಸರಿದ್ದರೆ ಏನನ್ನಾದರೂ ನಂಬುವ ಕಾಲ ಬಂದಾಗಿತ್ತು. ವಾಟ್ಸಾಪ್ ಪತ್ರದ ಅಜ್ಜ ಅಲ್ಲಿದ್ದಾನೆ.

ಇನ್ನೂ ಇಲ್ಲದ ಬಲ್ಬಿಗೆ ಬಂಡವಾಳ

1878ರ ಸೆಪ್ಟೆಂಬರ್‌ನಲ್ಲಿ ಎಡಿಸನ್ ಕನೆಕ್ಟಿಕಟ್ ರಾಜ್ಯದ ಒಂದು ಕಾರ್ಖಾನೆಯಲ್ಲಿ ಆರ್ಕ್ ದೀಪಗಳನ್ನು ನೋಡಿದರು. ಬೀದಿಗೆ ಸರಿಹೋಗುವ, ಮನೆಯೊಳಗೆ ಕಣ್ಣು ಕುಕ್ಕುವ ದೀಪಗಳವು. ಮರಳಿದ ಕೆಲವೇ ದಿನಗಳಲ್ಲಿ, ಮನೆಗೆ ಒಗ್ಗುವ ವಿದ್ಯುತ್ ದೀಪದ ಸಮಸ್ಯೆಯನ್ನು ತಾನು ಬಗೆಹರಿಸಿದ್ದಾಗಿ ಪತ್ರಿಕೆಯವರಿಗೆ ಹೇಳಿದರು. ಗ್ಯಾಸ್ ದೀಪದ ಕಂಪನಿಗಳ ಷೇರು ಕುಸಿಯಿತು. ಅಕ್ಟೋಬರ್‌ನಲ್ಲಿ ಎಡಿಸನ್ ಎಲೆಕ್ಟ್ರಿಕ್ ಲೈಟ್ ಕಂಪನಿ ಹುಟ್ಟಿತು. ಬ್ಯಾಂಕರ್ ಜೆ. ಪಿ. ಮಾರ್ಗನ್ ಬಳಗ ಮತ್ತು ವ್ಯಾಂಡರ್‌ಬಿಲ್ಟ್ ಮನೆತನದ ಹಣ ಬಂತು.

ಆ ಹೊತ್ತಿಗೆ ದೀಪ ಇತ್ತೇ? ಇರಲಿಲ್ಲ. ಕೈಯಲ್ಲಿದ್ದ ಪ್ಲಾಟಿನಂ ತಂತಿ ಕಾದು ಕರಗುತ್ತಿತ್ತು. ಅಂದರೆ ಬಗೆಹರಿದಿದೆ ಎಂದು ಘೋಷಿಸಿದ ಒಂದು ವರ್ಷದ ನಂತರವೂ ಅದು ಬಗೆಹರಿದಿರಲಿಲ್ಲ. ಇಂದು ಯಾವುದಾದರೂ ಸ್ಟಾರ್ಟಪ್ ಹೀಗೆ ಮಾಡಿದರೆ ನಾವು ಮೋಸ ಎನ್ನುತ್ತೇವೆಯೋ ದೂರದೃಷ್ಟಿ ಎನ್ನುತ್ತೇವೆಯೋ? ಉತ್ತರ ಬಹುಪಾಲು ಕೊನೆಗೆ ದೀಪ ಹತ್ತಿತೇ ಇಲ್ಲವೇ ಎಂಬುದರ ಮೇಲೆ ನಿಂತಿರುತ್ತದೆ. ಎಡಿಸನ್ ವಿಷಯದಲ್ಲಿ ಹತ್ತಿತು.

ಬಿಸಿಯಾದ ತಂತಿ ಬೆಳಕು ಕೊಡುತ್ತದೆ ಎಂಬುದು ಅವರ ಶೋಧವಲ್ಲ. ಇಂಗ್ಲೆಂಡಿನ ಹಂಫ್ರಿ ಡೇವಿ ಅದನ್ನು 19ನೇ ಶತಮಾನದ ಆರಂಭದಲ್ಲೇ ತೋರಿಸಿದ್ದರು. ನ್ಯೂಕ್ಯಾಸಲ್‌ನ ಜೋಸೆಫ್ ಸ್ವಾನ್ ಎಡಿಸನ್‌ಗಿಂತ ಮೊದಲೇ ಇಂಗಾಲದ ದೀಪ ಪ್ರದರ್ಶಿಸಿದ್ದರು. ಹಾಗಾದರೆ ಎಡಿಸನ್ ತಂಡ ಮಾಡಿದ ಹೊಸದೇನು? ಇದಕ್ಕೆ ಒಂದು ಸಣ್ಣ ಲೆಕ್ಕ ಬೇಕು.

ದೀಪಕ್ಕೆ ಸಿಗುವ ಶಕ್ತಿ ಎಂದರೆ ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧ. ದಾರಿಯ ತಾಮ್ರದ ತಂತಿಯಲ್ಲಿ ಬಿಸಿಯಾಗಿ ನಷ್ಟವಾಗುವ ಶಕ್ತಿ ಮಾತ್ರ ಕರೆಂಟಿನ ವರ್ಗದಂತೆ ಏರುತ್ತದೆ. ವೋಲ್ಟೇಜನ್ನು ಎರಡು ಪಟ್ಟು ಮಾಡಿ ಕರೆಂಟನ್ನು ಅರ್ಧಕ್ಕಿಳಿಸಿದರೆ, ದೀಪಕ್ಕೆ ಅಷ್ಟೇ ಶಕ್ತಿ ಸಿಗುತ್ತದೆ, ತಂತಿಯ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಆಗ ತೆಳು ತಂತಿ ಸಾಕು. ಅಂದಿನ ಇತರ ದೀಪಗಳ ರೋಧ ಕಡಿಮೆ. ಅವಕ್ಕೆ ಭಾರೀ ಕರೆಂಟು, ಅದಕ್ಕೆ ದಪ್ಪ ತಾಮ್ರ ಬೇಕು. ಊರಿಗೆಲ್ಲ ದೀಪ ಹಾಕಿದರೆ ತಾಮ್ರದ ಖರ್ಚಿಗೇ ಕಂಪನಿ ಮುಳುಗುತ್ತಿತ್ತು. ಅಪ್ಟನ್ ಅವರ ಲೆಕ್ಕಗಳ ಬಲದಿಂದ ತಂಡ ಉಲ್ಟಾ ದಾರಿ ಹಿಡಿಯಿತು. ಸುಮಾರು 100 ವೋಲ್ಟ್‌ನಲ್ಲಿ ಉರಿಯುವ, ನೂರು ಓಮ್‌ಗೂ ಹೆಚ್ಚು ರೋಧವಿರುವ ಕೂದಲೆಳೆಯಂಥ ತಂತು ಬೇಕು ಎಂದು ಮೊದಲೇ ನಿಗದಿ ಮಾಡಿಕೊಂಡು ಆಮೇಲೆ ಅದನ್ನು ಹುಡುಕಿತು.

1879ರ ಅಕ್ಟೋಬರ್‌ನಲ್ಲಿ ಸುಟ್ಟು ಇಂಗಾಲವಾಗಿಸಿದ ಹತ್ತಿಯ ದಾರ, ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ 13 ಗಂಟೆಗೂ ಹೆಚ್ಚು ಉರಿಯಿತು. ವರ್ಷದ ಕೊನೆಯ ರಾತ್ರಿ ಮೆನ್ಲೋ ಪಾರ್ಕಿನಲ್ಲಿ ಸಾರ್ವಜನಿಕ ಪ್ರದರ್ಶನ. ಜನರನ್ನು ಕರೆತರಲು ವಿಶೇಷ ರೈಲುಗಳು ಓಡಿದವು. ಮರುವರ್ಷ ಜಪಾನಿನ ಕ್ಯೋಟೋ ಬಳಿಯ ಬಿದಿರಿನ ತಂತು ಸಿಕ್ಕಿತು. ಅದು ಸಾವಿರ ಗಂಟೆಗೂ ಮೀರಿ ಬಾಳಿತು. ಬಲ್ಬಿಗಾಗಿ ಸಾವಿರ, ಹತ್ತು ಸಾವಿರ ಸಲ ಸೋತರು ಎಂಬ ಮಾತಿನ ಮೂಲ ಬಲ್ಬೇ ಅಲ್ಲ. ಅದು ಬಹಳ ನಂತರ, ಅವರ ಬ್ಯಾಟರಿ ಪ್ರಯೋಗಗಳ ಬಗ್ಗೆ ಸಹೋದ್ಯೋಗಿಯೊಬ್ಬರು ಹೇಳಿದ ನೆನಪು.

ಬಲ್ಬ್ ಒಂದೇ ಇದ್ದರೆ ಏನು ಪ್ರಯೋಜನ? ಜನರೇಟರ್, ನೆಲದಡಿಯ ಕೇಬಲ್, ಸ್ವಿಚ್, ಫ್ಯೂಸ್, ಬಿಲ್ ಮಾಡಲು ಮೀಟರ್, ಎಲ್ಲವೂ ಬೇಕು. ತಂಡ ಎಲ್ಲವನ್ನೂ ಕಟ್ಟಿತು. ಮೀಟರಿನಲ್ಲಿ ಸತುವಿನ ಫಲಕಗಳಿದ್ದವು. ಕರೆಂಟು ಹರಿದಷ್ಟು ಸತು ಕರಗಿ ಸಾಗುತ್ತಿತ್ತು, ಫಲಕ ತೂಗಿ ಬಿಲ್ ಬರೆಯುತ್ತಿದ್ದರು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಸುಮಾರು 400 ದೀಪಗಳೊಂದಿಗೆ ಶುರುವಾಯಿತು. ಮೊದಲ ದಿನ ಬೆಳಗಿದ ಜಾಗಗಳನ್ನು ಗಮನಿಸಿ: ಒಂದು, ಹಣ ಹಾಕಿದ ಮಾರ್ಗನ್ ಅವರ ಕಚೇರಿ. ಇನ್ನೊಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಚೇರಿ. ಸುದ್ದಿ ಬರೆಯುವವರ ಮೇಜಿನ ಮೇಲೇ ಸುದ್ದಿ ಉರಿಯುತ್ತಿತ್ತು.

ಪತ್ರಿಕೆಗಳ ಮೇಲಿನ ಅವರ ಆಸಕ್ತಿ ಪ್ರಚಾರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಇಂದು ಜಗತ್ತಿನ ಪ್ರಮುಖ ವಿಜ್ಞಾನ ಪತ್ರಿಕೆಗಳಲ್ಲೊಂದಾದ ಸೈನ್ಸ್ 1880ರಲ್ಲಿ ಆರಂಭವಾದದ್ದೇ ಎಡಿಸನ್ ಹಣದಿಂದ.

ಅದೇ ಅಸ್ತ್ರ ತಿರುಗಿದಾಗ

ಎಡಿಸನ್ ವ್ಯವಸ್ಥೆ ನೇರ ವಿದ್ಯುತ್ತಿನದು, ಅಂದರೆ ಡಿಸಿ. ಅದರ ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸಲು ಅಂದು ಆಗುತ್ತಿರಲಿಲ್ಲ. ಹಾಗಾಗಿ ಕೇಂದ್ರದಿಂದ ಸುಮಾರು ಒಂದು ಮೈಲಿ ದಾಟಿದರೆ ಲಾಭವಿಲ್ಲ. ಪರ್ಯಾಯ ವಿದ್ಯುತ್ತಿಗೆ, ಅಂದರೆ ಎಸಿಗೆ, ಟ್ರಾನ್ಸ್‌ಫಾರ್ಮರ್ ಇತ್ತು. ವೋಲ್ಟೇಜ್ ಏರಿಸಿ ದೂರ ಕಳುಹಿಸಿ, ಮನೆ ಬಾಗಿಲಲ್ಲಿ ಇಳಿಸಬಹುದು. ವಿಚಿತ್ರ ನೋಡಿ, ಬಲ್ಬಿನಲ್ಲಿ ಎಡಿಸನ್ ತಂಡವನ್ನು ಗೆಲ್ಲಿಸಿದ ಅದೇ ಲೆಕ್ಕ ಈಗ ಎದುರಾಳಿಯ ಪರ ನಿಂತಿತು. ಜಾರ್ಜ್ ವೆಸ್ಟಿಂಗ್‌ಹೌಸ್ ಎಸಿ ಹಿಡಿದರು. 1888ರಲ್ಲಿ ನಿಕೋಲಾ ಟೆಸ್ಲಾ ಅವರ ಮೋಟಾರ್ ಪೇಟೆಂಟುಗಳೂ ಅವರ ಕೈಸೇರಿದವು.

ಎಡಿಸನ್ ಲೆಕ್ಕ ಒಪ್ಪುವ ಬದಲು ಭಯದ ದಾರಿ ಹಿಡಿದರು. ಅಪಾಯ ಸುಳ್ಳಲ್ಲ, ನ್ಯೂಯಾರ್ಕಿನ ಕಂಬಗಳ ಮೇಲೆ ಸರಿಯಾದ ಹೊದಿಕೆಯಿಲ್ಲದ ತಂತಿಗಳಿಂದ ಜನ ಸತ್ತಿದ್ದರು. ಆದರೆ 1888ರಲ್ಲಿ ಹೆರಾಲ್ಡ್ ಬ್ರೌನ್ ಎಂಬ ಎಂಜಿನಿಯರ್‌ಗೆ ಎಸಿಯಿಂದ ನಾಯಿಗಳನ್ನು ಕೊಂದು ತೋರಿಸಲು ಎಡಿಸನ್ ಪ್ರಯೋಗಾಲಯ ಜಾಗ ಮತ್ತು ನೆರವು ಕೊಟ್ಟಿತು. ಮರಣದಂಡನೆಗೆ ಎಸಿಯೇ ತಕ್ಕದ್ದು ಎಂದು ಎಡಿಸನ್ ಸಾಕ್ಷಿ ಹೇಳಿದರು. 1890ರ ಆಗಸ್ಟ್ 6ರಂದು ವಿಲಿಯಂ ಕೆಮ್ಲರ್ ಎಂಬ ಕೈದಿಯನ್ನು ವೆಸ್ಟಿಂಗ್‌ಹೌಸ್ ಯಂತ್ರದಿಂದ ಕೊಲ್ಲಲಾಯಿತು. ಮೊದಲ ಸಲ ಅವನು ಸಾಯಲಿಲ್ಲ, ಎರಡನೇ ಸಲ ಕರೆಂಟು ಹರಿಸಬೇಕಾಯಿತು. ಒಂದು ಮಾರುಕಟ್ಟೆ ಜಗಳದ ಕೊನೆ ಅಲ್ಲಿಗೆ ಮುಟ್ಟಿತ್ತು.

ಆನೆಯ ಕಥೆ ಮಾತ್ರ ಇದಕ್ಕೆ ಸೇರಿದ್ದಲ್ಲ. ಟಾಪ್ಸಿ ಎಂಬ ಆನೆಯನ್ನು ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ವಿದ್ಯುತ್ತಿನಿಂದ ಕೊಂದದ್ದು 1903ರಲ್ಲಿ. ಕರೆಂಟಿನ ಜಗಳ ಮುಗಿದು ಹತ್ತು ವರ್ಷ ಕಳೆದಿತ್ತು. ಕೊಲ್ಲಿಸಿದ್ದು ಅಲ್ಲಿನ ಮನರಂಜನಾ ಉದ್ಯಾನದವರು. ಎಡಿಸನ್ ಅವರ ಚಲನಚಿತ್ರ ಕಂಪನಿ ಅದನ್ನು ಚಿತ್ರೀಕರಿಸಿತು, ಹೆಸರು ಅಂಟಿಕೊಂಡಿತು.

ಜಗಳದಲ್ಲಿ ಸೋತದ್ದು ಎಡಿಸನ್. 1892ರಲ್ಲಿ ಹೂಡಿಕೆದಾರರು ಅವರ ಕಂಪನಿಯನ್ನು ಎದುರಾಳಿ ಥಾಮ್ಸನ್-ಹೂಸ್ಟನ್ ಜೊತೆ ವಿಲೀನಗೊಳಿಸಿದರು. ಹೊಸ ಹೆಸರು ಜನರಲ್ ಎಲೆಕ್ಟ್ರಿಕ್. ಎಡಿಸನ್ ಎಂಬ ಪದವೇ ಹೋಯಿತು. ಆ ಕಂಪನಿ ಎಸಿಯನ್ನು ಅಪ್ಪಿಕೊಂಡಿತು. ನಮ್ಮ ನಾಡಿಗೂ ಈ ಕಥೆ ತಾಗುವುದು ಇಲ್ಲಿಯೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸಂಸ್ಥಾನ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಯೋಜನೆ ಕೈಗೊಂಡಾಗ ವಿದ್ಯುತ್ ಯಂತ್ರಗಳು ಬಂದದ್ದು ಜನರಲ್ ಎಲೆಕ್ಟ್ರಿಕ್‌ನಿಂದ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಎಸಿ. ಒಂದು ಮೈಲಿಗೆ ನಿಲ್ಲುವ ಡಿಸಿಯಿಂದ ಅದು ಆಗದ ಮಾತು.

ಉಳಿದ ಗೆಲುವು, ಸೋಲು, ಒಂದು ಸಾವು

ಚಲನಚಿತ್ರದಲ್ಲೂ ಇದೇ ಮಾದರಿ. ಕ್ಯಾಮೆರಾ ಕೆಲಸ ಬಹುಪಾಲು ಮಾಡಿದ್ದು ಸಹಾಯಕ ವಿಲಿಯಂ ಡಿಕ್ಸನ್. 1894ರಲ್ಲಿ ನ್ಯೂಯಾರ್ಕಿನಲ್ಲಿ ಜನ ಪೆಟ್ಟಿಗೆಯೊಳಗೆ ಇಣುಕಿ ಚಲಿಸುವ ಚಿತ್ರ ನೋಡಿದರು. ಒಬ್ಬೊಬ್ಬರೇ ಇಣುಕುವುದರಲ್ಲೇ ಲಾಭ ಎಂದುಕೊಂಡಿದ್ದಾಗ, ಫ್ರಾನ್ಸಿನ ಲೂಮಿಯೇರ್ ಸೋದರರು ಪರದೆಯ ಮೇಲೆ ಎಲ್ಲರಿಗೂ ಒಟ್ಟಿಗೆ ತೋರಿಸಿ ಮುಂದೆ ಹೋದರು. ಫೋನೋಗ್ರಾಫ್ ಕಂಪನಿಯಲ್ಲಿ ಯಾವ ಗಾಯಕರ ಹಾಡು ಮುದ್ರಿಸಬೇಕೆಂದು ಕಿವಿ ಮಂದವಾದ ಎಡಿಸನ್ ತಾವೇ ಆರಿಸುತ್ತಿದ್ದರು. ಜನ ಬಯಸಿದ್ದು ಬೇರೆ. 1929ರಲ್ಲಿ ಆ ವ್ಯಾಪಾರ ಮುಚ್ಚಿತು. ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ಉದ್ಯಮ 1890ರ ದಶಕದ ಅವರ ಸಂಪತ್ತನ್ನೆಲ್ಲ ನುಂಗಿತು. ಆದರೆ ಅಲ್ಲಿ ಕಲ್ಲು ಪುಡಿ ಮಾಡಲು ಕಲಿತ ವಿದ್ಯೆ ಮುಂದೆ ಅವರ ಸಿಮೆಂಟ್ ಕಾರ್ಖಾನೆಗೆ ದಾರಿಯಾಯಿತು.

ಒಂದು ಸೋಲಿಗೆ ಮಾತ್ರ ಪರಿಹಾರ ಇರಲಿಲ್ಲ. ಎಕ್ಸ್‌ರೇ ಪತ್ತೆಯಾದ ಕೂಡಲೇ ಎಡಿಸನ್ ತಂಡ ಅದರ ಮೇಲೆ ಬಿದ್ದಿತು. ಕೊಳವೆಗಳನ್ನು ಪರೀಕ್ಷಿಸಲು ಗಾಜು ಊದುವ ಕ್ಲಾರೆನ್ಸ್ ಡ್ಯಾಲಿ ತಮ್ಮ ಕೈಯನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿದರು. ಕೈಗಳಿಗೆ ಕ್ಯಾನ್ಸರ್ ಹತ್ತಿತು, ಅವನ್ನು ಕತ್ತರಿಸಿದರೂ ಫಲವಾಗಲಿಲ್ಲ. 1904ರಲ್ಲಿ ಅವರು ತೀರಿಕೊಂಡರು. ಎಡಿಸನ್ ಹೆದರಿ ಎಕ್ಸ್‌ರೇ ಕೆಲಸವನ್ನೇ ಬಿಟ್ಟರು. ಹೊಸ ತಂತ್ರಜ್ಞಾನದ ಬೆಲೆಯನ್ನು ಮೊದಲು ತೆರುವವರು ಅದರ ಬೆಂಚಿನ ಮುಂದೆ ನಿಂತ ಕೆಲಸಗಾರರು.

ನಿದ್ದೆಯ ಕಥೆಯೂ ಅರ್ಧ ಸತ್ಯ. ರಾತ್ರಿ ನಾಲ್ಕೈದು ಗಂಟೆ ಮಲಗುತ್ತೇನೆ ಎಂದು ಅವರು ಹೆಮ್ಮೆಪಡುತ್ತಿದ್ದರು. ಆದರೆ ಹಗಲಲ್ಲಿ ಪ್ರಯೋಗಾಲಯದ ಮಂಚದ ಮೇಲೂ ಬೆಂಚಿನ ಮೇಲೂ ಸೊಗಸಾಗಿ ನಿದ್ದೆ ಮಾಡುತ್ತಿದ್ದ ಚಿತ್ರಗಳು ಉಳಿದಿವೆ. ಅವರನ್ನು ನೋಡಿ ನಿದ್ದೆಗೆಡಬೇಕಾಗಿಲ್ಲ.

1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ ಎಡಿಸನ್ ತೀರಿಕೊಂಡರು. ಅವರ ಹೆಸರಿನಲ್ಲಿ 1,093 ಅಮೆರಿಕನ್ ಪೇಟೆಂಟುಗಳಿದ್ದವು. ಅಂತ್ಯಕ್ರಿಯೆಯ ದಿನ ಅಧ್ಯಕ್ಷ ಹೂವರ್ ಅವರ ಕರೆಯಂತೆ ದೇಶದ ಜನ ಸ್ವಲ್ಪ ಹೊತ್ತು ದೀಪ ತಗ್ಗಿಸಿದರು. ಆರಿದ ಆ ದೀಪಗಳಲ್ಲಿ ಬಹುಪಾಲು ಉರಿಯುತ್ತಿದ್ದದ್ದು ಅವರು ವಿರೋಧಿಸಿದ ಎಸಿಯಿಂದ.

ಹಾಗಾದರೆ ಮಕ್ಕಳಿಗೆ ಏನು ಹೇಳೋಣ?

ಬಲ್ಬ್ ಕಂಡುಹಿಡಿದವರು ಎಡಿಸನ್ ಎಂಬ ಒಂದು ಸಾಲಿನ ಉತ್ತರ ಪರೀಕ್ಷೆಯಲ್ಲಿ ಅಂಕ ಕೊಡಬಹುದು. ಆದರೆ ಅದು ಮಗುವಿಗೆ ಒಂದು ತಪ್ಪು ಪಾಠವನ್ನೂ ಕಲಿಸುತ್ತದೆ: ದೊಡ್ಡ ಕೆಲಸ ಎಂದರೆ ಹುಟ್ಟು ಪ್ರತಿಭೆ, ಅದು ನನಗಿಲ್ಲ. ಪತ್ರದ ಕಥೆಯೂ ಮಾಡುವುದು ಅದನ್ನೇ. ನಿಜದ ಕಥೆಯಲ್ಲಿ ಮಗುವಿಗೆ ಜಾಗ ಹೆಚ್ಚಿದೆ. ಅಲ್ಲಿ ಲೆಕ್ಕ ಬಲ್ಲವರು, ಗಾಜು ಊದುವವರು, ಚಿತ್ರ ನೋಡಿ ಯಂತ್ರ ಕಟ್ಟುವವರು, ಎಲ್ಲರೂ ಬೇಕಾಗಿದ್ದರು.

ದೊಡ್ಡವರಿಗೂ ಒಂದು ಪಾಠ ಇದೆ. ನಾಳೆ ಬೆಳಿಗ್ಗೆ ಯಾವುದೋ ಹೊಸ ಕಂಪನಿ ಜಗತ್ತನ್ನೇ ಬದಲಿಸುವ ಸುದ್ದಿ ಬಂದರೆ ಮೂರು ಪ್ರಶ್ನೆ ಕೇಳಿ. ವಸ್ತು ಈಗಾಗಲೇ ಕೆಲಸ ಮಾಡುತ್ತಿದೆಯೇ, ಅಥವಾ ಇನ್ನೂ ಮಾಡಬೇಕಷ್ಟೆಯೇ? ಅದನ್ನು ಕೈಯಾರೆ ಕಟ್ಟುತ್ತಿರುವವರು ಯಾರು? ಅದು ಕೈಕೊಟ್ಟರೆ ಪೆಟ್ಟು ಬೀಳುವುದು ಯಾರಿಗೆ? 1878ರಲ್ಲಿ ಗ್ಯಾಸ್ ಕಂಪನಿಯ ಷೇರು ಮಾರಿದವರು ಮೊದಲನೆಯದನ್ನು ಕೇಳಿರಲಿಲ್ಲ. ಮೂರನೆಯದನ್ನು ಕ್ಲಾರೆನ್ಸ್ ಡ್ಯಾಲಿ ಪರವಾಗಿ ಯಾರೂ ಕೇಳಲೇ ಇಲ್ಲ.